ಒಲೆಮನೆಯಲ್ಲಿ ಅಕ್ಕಮ್ಮನ ಗಿಣಿ

ಏಲಕ್ಕಿ ಒಣಗಿಸುವವನ ಹತ್ತಿರ ಗಿಣಿಯನ್ನು ಯಾಕೆ ತಂದಿರಿ ಎಂದು ನಾನು ಅವತ್ತೇ ಕೇಳಿದ್ದೆ. ಪಂಜರದ ಮೇಲೆ ಕಂಬಳಿ ಹೊದೆಸಿಕೊಂಡು ಒಲೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕಮ್ಮ, "ಕಾವು ಗೊತ್ತಿರೋನು ಈ ಎಸ್ಟೇಟಲ್ಲಿ ನೀನೊಬ್ನೇ ಅಲ್ವಾ?" ಎಂದರು. ಹೊಗಳಿದರೆ ಉಬ್ಬುವುದು ನನ್ನ ಹಳೆಯ ರೋಗ. ಒಂದೇ ಮಾತಿಗೆ ಪಂಜರ ಕೈಗೆ ತೆಗೆದುಕೊಂಡೆ.

ಇದು ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಮೂರು ನಾಲ್ಕು ವರ್ಷ ಹಿಂದಿನ ಮಾತು. ಗೋಣಿಬೀಡಿನಿಂದ ದೇವರಮನೆ ಗುಡ್ಡದ ಕಡೆ ಹೋಗುವ ಗಾಡಿದಾರಿಯ ಮೇಲಿದ್ದ ಆ ಎಸ್ಟೇಟಿನಲ್ಲಿ ಕಾಫಿಯ ಜೊತೆಗೆ, ಹಳ್ಳದ ತಂಪು ಇರುವ ಕಡೆಯೆಲ್ಲ ಏಲಕ್ಕಿ ಹಾಕಿದ್ದರು. ಮಳೆಗಾಲದ ಕೊನೆಯಿಂದ ಎರಡು ಮೂರು ತಿಂಗಳು ಅದರ ಕೊಯ್ಲು. ಕೊಯ್ದ ಹಸಿ ಕಾಯಿಯನ್ನು ಒಣಗಿಸುವ ಮನೆಗೆ ನಾವು ಒಲೆಮನೆ ಎನ್ನುತ್ತಿದ್ದೆವು. ಕೊಯ್ಲು ಮುಗಿಯುವವರೆಗೆ ಅದು ನನ್ನ ಸುಪರ್ದಿ.

ಒಲೆಮನೆಯೆಂದರೆ ದಪ್ಪ ಮಣ್ಣುಗೋಡೆಯ ಒಂದೇ ಕೋಣೆ. ಒಲೆಯ ಬಾಯಿ ಹೊರಗೆ ಮುಂಭಾಗದಲ್ಲಿ. ಅಲ್ಲಿಂದ ತಗಡಿನ ಕೊಳವೆಯೊಂದು ಒಳಗೆ ನೆಲದ ಮೇಲೆ ಸುತ್ತು ಹಾಕಿಕೊಂಡು ಹಿಂದಿನ ಗೋಡೆಯ ಹತ್ತಿರ ಮೇಲಕ್ಕೆ ಎದ್ದು ಸೂರಿನ ಆಚೆ ಹೊಗೆ ಬಿಡುತ್ತಿತ್ತು. ಹೊಗೆ ಕೊಳವೆಯೊಳಗೇ ಹೋಗಬೇಕು, ಬಿಸಿ ಮಾತ್ರ ಕೋಣೆಯಲ್ಲಿ ಉಳಿಯಬೇಕು. ಕೊಳವೆಯ ಮೇಲೆ ಸಾಲು ಸಾಲಾಗಿ ತಂತಿಬಲೆಯ ತಟ್ಟೆಗಳು, ಅವುಗಳ ಮೇಲೆ ಕಾಯಿ. ಒಂದು ಮೂಲೆ ತಣ್ಣಗಿದ್ದರೆ ಅಲ್ಲಿಯ ಕಾಯಿ ಬೆವರಿ ಬೂಸಲು ಹಿಡಿಯುತ್ತದೆ. ಒಂದು ಮೂಲೆಯಲ್ಲಿ ಬಿಸಿ ಹೆಚ್ಚಾದರೆ ಕಾಯಿ ಬಾಯಿ ಬಿಟ್ಟು, ಹಸಿರು ಹೋಗಿ ಹಳದಿಯಾಗುತ್ತದೆ. ನಾಲ್ಕು ಮೂಲೆಯಲ್ಲೂ, ಮೇಲಿನ ತಟ್ಟೆಯಲ್ಲೂ ಕೆಳಗಿನ ತಟ್ಟೆಯಲ್ಲೂ ಒಂದೇ ಕಾವು ಇರಬೇಕು. ಸುತ್ತಿನ ಎಸ್ಟೇಟುಗಳವರು ಶಾಖ ನೋಡುವ ಗಾಜಿನ ಕಡ್ಡಿ ತರಿಸಿಕೊಂಡಿದ್ದರು. ನಾನು ಅಂಗೈ ಚಾಚಿ ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಎಷ್ಟು ಎಣಿಸುವ ಹೊತ್ತಿಗೆ ಕೈ ಹಿಂದಕ್ಕೆ ಎಳೆದುಕೊಳ್ಳಬೇಕು ಅನಿಸುತ್ತದೋ ಅದೇ ನನ್ನ ಲೆಕ್ಕ. ಅದರಲ್ಲಿ ನನಗೆ ಸ್ವಲ್ಪ ಜಂಬವೂ ಇತ್ತು.

ಅಕ್ಕಮ್ಮ ಎಸ್ಟೇಟಿನ ಗೌಡರ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡು ತವರಿಗೆ ಬಂದವರು. ಮನೆಯ ಅಡುಗೆ, ಉಗ್ರಾಣ, ಕೊಯ್ಲಿನ ಕಾಲದಲ್ಲಿ ಆಳುಗಳ ಊಟ, ಎಲ್ಲವೂ ಅವರ ಕೈಯಲ್ಲೇ ನಡೆಯುತ್ತಿತ್ತು. ಮಾತು ಕಡಿಮೆ, ಕಣ್ಣು ಚುರುಕು. ಅವರ ಬಳೆಯಿಲ್ಲದ ಕೈ ಬಾಗಿಲ ಚಿಲಕ ಮುಟ್ಟಿದ ಸದ್ದಿಗೇ ನಮ್ಮ ಮೇಸ್ತ್ರಿ ಬೀಡಿಯನ್ನು ಬೆನ್ನ ಹಿಂದೆ ಅಡಗಿಸುತ್ತಿದ್ದ. ಅಂಥವರ ಕಣ್ಣು ಅವತ್ತು ಕೆಂಪಾಗಿತ್ತು.

ಆಗಿದ್ದು ಇಷ್ಟು. ಎರಡು ದಿನದ ಹಿಂದೆ ಅವರು ನೆಂಟರ ಮನೆಯ ತಿಥಿಗೆಂದು ಗೋಣಿಬೀಡಿಗೆ ಹೋಗಿದ್ದರು. ಮಧ್ಯಾಹ್ನ ಗಾಳಿಮಳೆ ಬಂದು ಜಗಲಿಗೆ ಅಡ್ಡಲಾಗಿ ಇರಚಲು ಹೊಡೆದಿದೆ. ಪಂಜರವನ್ನು ಒಳಗೆ ತೆಗೆದಿಡಬೇಕೆಂದು ಮನೆಯಲ್ಲಿ ಒಬ್ಬರಿಗೂ ಹೊಳೆದಿಲ್ಲ. ಅದು ಯಾವಾಗಲೂ ಅಕ್ಕಮ್ಮನ ಕೆಲಸವಾಗಿತ್ತು. ಅವರು ವಾಪಸು ಬಂದು ನೋಡಿದಾಗ ಗಿಣಿ ತೊಯ್ದು ತೊಪ್ಪೆಯಾಗಿ ಪಂಜರದ ತಳದಲ್ಲಿ ಕುಳಿತಿತ್ತು. ಒರೆಸಿ ಒಣಗಿಸಿದ ಮೇಲೂ ಪುಕ್ಕ ಉಬ್ಬಿಸಿಕೊಂಡು, ಕಣ್ಣು ಮುಚ್ಚಿಕೊಂಡು, ಕಾಳು ಮುಟ್ಟದೆ ಕುಳಿತೇ ಇತ್ತು. ನಮ್ಮ ಕಡೆ ಬಾಣಂತಿ ಕೋಣೆಗೆ ಇಡುವ ಹಾಗೆ ಅಕ್ಕಮ್ಮ ಅದಕ್ಕೂ ಕೆಂಡದ ಮಡಕೆ ಇಟ್ಟು ಬಾಗಿಲು ಹಾಕಿದ್ದಾರೆ. ಸ್ವಲ್ಪ ಹೊತ್ತಿಗೆ ನೋಡಿದರೆ ಹಕ್ಕಿ ಮಗುಚಿ ಬಿದ್ದಿದೆ. ಎತ್ತಿಕೊಂಡು ಜಗಲಿಗೆ ಓಡಿಬಂದ ಮೇಲೆ ತಣ್ಣನೆಯ ಗಾಳಿಗೆ ಕಣ್ಣು ಬಿಟ್ಟಿತಂತೆ. ಮುಚ್ಚಿದ ಕೋಣೆಯಲ್ಲಿ ಕೆಂಡದ ಗಾಳಿ ಮನುಷ್ಯರನ್ನೇ ಬಿಡುವುದಿಲ್ಲ, ಹಕ್ಕಿಯ ಎದೆ ಎಷ್ಟರದು? ಕೆಲಸದವರ ಲೈನ್ ಮನೆಗಳಲ್ಲಿ ಜ್ವರ ನೋಡಲು ಮೂಡಿಗೆರೆಯಿಂದ ಬಂದಿದ್ದ ಕಾಂಪೌಂಡರ್ ಅವತ್ತೇ ಸಿಕ್ಕಿದ್ದರು. ಅವರನ್ನು ಕೇಳಿದರೆ, "ಹಕ್ಕಿಗೆ ನನ್ನತ್ರ ಔಷಧ ಇಲ್ಲಮ್ಮ. ಬೆಚ್ಚಗಿಡಿ, ಹೊಗೆ ತಾಗಿಸ್ಬೇಡಿ. ಮೈ ಬೆಚ್ಚಗೆ ಮಾಡ್ಕೊಳ್ಳೋಕೆ ಶಕ್ತಿ ಖರ್ಚಾಗೋದು ತಪ್ಪಿದ್ರೆ ಅದೇ ಏಳ್ತದೆ" ಎಂದರಂತೆ.

"ಗೌಡ್ರು ಏನಂದ್ರು?" ಎಂದು ಕೇಳಿದೆ. ಒಲೆಮನೆಗೆ ಕಾಯಿ ಬಿಟ್ಟು ಬೇರೇನನ್ನೂ ತರಬಾರದು, ಏಲಕ್ಕಿಗೆ ವಾಸನೆ ಅಂಟುತ್ತದೆ ಎಂಬುದು ಗೌಡರದೇ ಕಟ್ಟಪ್ಪಣೆ.

"ಸತ್ರೆ ಇನ್ನೊಂದು ಹಿಡ್ಸಿ ಕೊಡ್ತೀನಿ ಬಿಡಕ್ಕ ಅಂದ" ಎಂದರು ಅಕ್ಕಮ್ಮ. ಆಮೇಲೆ ಕಂಬಳಿಯ ಅಂಚು ಸರಿಮಾಡುತ್ತ, ನನ್ನ ಮುಖ ನೋಡದೆ ಹೇಳಿದರು. "ಅವ್ನಿಗೆ ನಾನು ಅಕ್ಕ. ಅವನ ಹೆಂಡ್ತಿಗೆ ಅತ್ತಿಗೆ. ಮಕ್ಳಿಗೆ ಅತ್ತೆ. ನಿಮಗೆಲ್ಲ ಅಕ್ಕಮ್ಮ. ಅಮ್ಮ ಹೋದ್ಮೇಲೆ ನನ್ನ ಹೆಸ್ರು ಹಿಡಿದು ಕರೆಯೋದು ಇದೊಂದೇ ಮಾರಾಯ. ಇದೂ ಹೋದ್ರೆ ನನಗೊಂದು ಹೆಸ್ರಿತ್ತು ಅಂತ ನನಗೇ ಮರ್ತು ಹೋಗ್ತದೆ."

ಅವರ ಅಮ್ಮ ಕೊನೆಯ ಎರಡು ವರ್ಷ ಹಾಸಿಗೆ ಹಿಡಿದಿದ್ದರು. ನೀರು ಬೇಕಾದರೂ ಮಗ್ಗುಲು ಬದಲಿಸಬೇಕಾದರೂ ಮಗಳನ್ನು "ಸುಬ್ಬೀ" ಎಂದು ಕೂಗುತ್ತಿದ್ದರು. ದಿನವೆಲ್ಲ ಕೇಳಿ ಕೇಳಿ ಗಿಣಿ ಅದನ್ನೇ ಕಲಿತಿತ್ತು. ಮುದುಕಿಯ ಹಾಗೆಯೇ ಕೊನೆಯಲ್ಲಿ ರಾಗ ಎಳೆಯುತ್ತಿತ್ತು. ಜಗಲಿಯ ಹತ್ತಿರ ಹಾದುಹೋಗುವಾಗ ನಾವೆಲ್ಲ ಕೇಳಿದ್ದೆವು, ಕೇಳದವರಂತೆ ಹೋಗುತ್ತಿದ್ದೆವು.

ಹೊಸ ಕಾಯಿ ತುಂಬಿ ಆಗತಾನೇ ಬೆಂಕಿ ಹಚ್ಚಿದ್ದೆ. ಕೋಣೆ ಇನ್ನೂ ಬೆಚ್ಚಗಾಗುತ್ತಿತ್ತಷ್ಟೆ. ಕೆಳಗಿನ ಸಾಲಿನಲ್ಲಿ ಒಂದು ತಟ್ಟೆ ತೆಗೆದು ಅಲ್ಲಿ ಪಂಜರ ಇಟ್ಟೆ. ಗಾಳಿಕಿಂಡಿ ಮುಚ್ಚಿದೆ. ಪಂಜರದ ಈ ಬದಿಯಲ್ಲಿ ಕೈಯಿಟ್ಟು ಎಣಿಸಿದೆ, ಆ ಬದಿಯಲ್ಲಿ ಎಣಿಸಿದೆ. ಎರಡೂ ಕಡೆ ಒಂದೇ ಕಾವು. ಏಲಕ್ಕಿಗೆ ಮಾಡುವಷ್ಟೇ ಅಚ್ಚುಕಟ್ಟಾಗಿ ಹಕ್ಕಿಗೂ ಮಾಡಿದೆನೆಂದು ಬೀಗಿಕೊಂಡು ಸೌದೆ ಒಡೆಯಲು ಹೋದೆ.

ಅರ್ಧ ಗಂಟೆ ಬಿಟ್ಟು ಬಾಗಿಲು ಸರಿಸಿ ನೋಡಿದಾಗ ನನಗೆ ಖುಷಿಯಾಯಿತು. ಉಬ್ಬಿಕೊಂಡಿದ್ದ ಪುಕ್ಕ ಮೈಗೆ ಅಂಟಿತ್ತು. ರೆಕ್ಕೆ ಎರಡನ್ನೂ ಮೈಯಿಂದ ದೂರ ಹಿಡಿದಿತ್ತು. ಕೊಕ್ಕು ತೆರೆದಿತ್ತು. ಹಾರಲು ಹೊರಟಿದೆ, ಕೂಗಲು ಹೊರಟಿದೆ ಎಂದುಕೊಂಡೆ. ಕಾಯಿಯ ತೊಟ್ಟು ಉಜ್ಜಿ ತೆಗೆಯುವ ಹೆಂಗಸೊಬ್ಬಳು ಒಲೆಮನೆಯ ಮುಂದೆ ಕೆಲಸ ಮಾಡುತ್ತಿದ್ದಳು. ಅವಳನ್ನೇ ಮನೆಗೆ ಓಡಿಸಿ, ಗಿಣಿ ಚೇತರಿಸಿಕೊಂಡಿತು ಎಂದು ಹೇಳಿಕಳಿಸಿದೆ.

ಅಕ್ಕಮ್ಮ ಬಂದರು. ಕೈಯಲ್ಲಿ ನೆನೆಸಿದ ಕಡಲೆಯ ಬಟ್ಟಲು ಇತ್ತು. ಒಳಗೆ ಬಗ್ಗಿ ನೋಡಿದವರು ಬಟ್ಟಲನ್ನು ನೆಲದ ಮೇಲಿಟ್ಟು ಪಂಜರವನ್ನು ಎಳೆದುಕೊಂಡು ಹೊರಗೆ ಬಂದುಬಿಟ್ಟರು.

"ಇದು ಚೇತರಿಕೆ ಅಲ್ಲ, ಏದುಸಿರು. ಬಿಸಿಲಿಗೆ ನಾಯಿ ಬಾಯಿ ಬಿಡಲ್ವಾ, ಹಾಗೆ."

ಆಗ ನನಗೆ ಕಂಡಿತು. ಎದೆ ಪಟಪಟ ಬಡಿಯುತ್ತಿತ್ತು, ಬಾಲ ಉಸಿರಿನ ಜೊತೆಗೇ ಮೇಲೆ ಕೆಳಗೆ ಆಡುತ್ತಿತ್ತು. ಏಲಕ್ಕಿ ಏದುಸಿರು ಬಿಡುವುದಿಲ್ಲ. ಅದಕ್ಕೆ ಬಿಸಿ ಹೆಚ್ಚಾದರೆ ನನಗೆ ತಿಳಿಯುವುದು ಮರುದಿನ, ಬಣ್ಣ ನೋಡಿದ ಮೇಲೆ. ಕೈಯಳತೆಯ ಜಂಬವೆಲ್ಲ ಇಳಿದು ನನಗೆ ತುಂಬ ನಾಚಿಕೆಯಾಯಿತು. ಅಕ್ಕಮ್ಮ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಜೇನು ಬೆರೆಸಿದ ನೀರಿನಲ್ಲಿ ಹತ್ತಿಯ ಬತ್ತಿ ಅದ್ದಿ ಕೊಕ್ಕಿನ ಅಂಚಿಗೆ ಮುಟ್ಟಿಸಿದರು. ಗಿಣಿ ನಾಲಿಗೆಯಾಡಿಸಿ ಎರಡು ಹನಿ ಕುಡಿಯಿತು. ಬಾಯೊಳಗೆ ಸುರಿದರೆ ನೆತ್ತಿಗೇರುತ್ತದೆ, ಅದಾಗಿಯೇ ನೆಕ್ಕಬೇಕು ಎಂದು ನನಗೂ ತೋರಿಸಿಕೊಟ್ಟರು.

ಒಳಗೆ ಬೇಡವೆಂದು ಒಲೆಬಾಯಿಯ ಮುಂದಿನ ಚಪ್ಪರದಲ್ಲಿ, ಬೆಂಕಿಯಿಂದ ನಾಲ್ಕು ಮೊಳ ದೂರದಲ್ಲಿ ಪಂಜರ ಇಟ್ಟೆ. ಅದೂ ಸರಿಹೋಗಲಿಲ್ಲ. ಮಳೆಯಲ್ಲಿ ನೆಂದ ಸೌದೆ. ಪ್ರತಿಸಲ ಹೊಸ ಕೊರಡು ನೂಕಿದಾಗಲೂ ಗಪ್ಪೆಂದು ಒಂದು ಉಂಡೆ ಹೊಗೆ ಹಿಂದಕ್ಕೆ ಬರುತ್ತಿತ್ತು. ನನಗೆ ಅದು ಹೊಗೆಯೆಂದೇ ಅನಿಸುವುದಿಲ್ಲ, ಮೂವತ್ತು ವರ್ಷ ಕುಡಿದ ಮೈ. ಗಿಣಿ ಮಾತ್ರ ಸೀನಿತು. ಮೂಗಿನ ತೂತಿನಲ್ಲಿ ನೀರು ಕಾಣಿಸಿತು. ಅಲ್ಲಿಂದಲೂ ಎತ್ತಿದೆ. ತಣ್ಣಗೆ ಬಿಟ್ಟರೆ ಉಬ್ಬುತ್ತದೆ, ಬಿಸಿಗಿಟ್ಟರೆ ಏದುತ್ತದೆ, ಬೆಂಕಿಯ ಹತ್ತಿರ ಹೊಗೆ. ಮಧ್ಯಾಹ್ನ ಗಂಜಿ ಮುಂದಿಟ್ಟುಕೊಂಡು ಕುಳಿತವನಿಗೆ ಕೈ ಬಾಯಿಗೆ ಹೋಗಲಿಲ್ಲ. ಇವತ್ತು ಸಂಜೆಯೊಳಗೆ ಇದು ಸಾಯುತ್ತದೆ, ನಾನು ಆ ಮನೆಯ ಮೆಟ್ಟಿಲು ಹತ್ತಿ ಹೇಗೆ ಹೇಳುವುದು ಎಂದು ಅದೇ ಯೋಚನೆ.

ಕಾಯಿ ಉಜ್ಜುವ ಹೆಂಗಸಿನ ಹೇಂಟೆಯೊಂದು ಹತ್ತು ಹನ್ನೆರಡು ಮರಿ ಕಟ್ಟಿಕೊಂಡು ಚಪ್ಪರದ ಮೂಲೆಯಲ್ಲಿ ಕಾವು ಕೊಡುತ್ತ ಕುಳಿತಿತ್ತು. ನಾನು ನೋಡುತ್ತಿದ್ದ ಹಾಗೆ ರೆಕ್ಕೆಯ ಸಂದಿನಿಂದ ಒಂದು ಮರಿ ತಲೆ ಹೊರಗೆ ಹಾಕಿತು. ಇನ್ನೊಂದು ಪೂರ್ತಿ ಹೊರಗೆ ಬಂದು ನನ್ನ ಗಂಜಿಯ ಅಗುಳು ಕುಕ್ಕಿ, ಸ್ವಲ್ಪ ಹೊತ್ತು ತಣ್ಣನೆಯ ನೆಲದಲ್ಲಿ ನಿಂತು, ಮತ್ತೆ ಒಳಗೆ ನುಸುಳಿತು. ಹೇಂಟೆ ಯಾವುದನ್ನೂ ತಡೆಯಲಿಲ್ಲ, ಕರೆಯಲೂ ಇಲ್ಲ. ನೂರು ಸಲ ನೋಡಿದ ನೋಟವೇ. ಅವತ್ತು ಮಾತ್ರ ನಾನು ಗಂಜಿ ಬಿಟ್ಟು ಎದ್ದೆ.

ಒಂದೇ ಸಮನಾದ ಕಾವು ಹಕ್ಕಿಗೆ ಬೇಕಾಗಿರಲಿಲ್ಲ. ಒಂದು ತುದಿ ಬೆಚ್ಚಗೆ, ಒಂದು ತುದಿ ತಣ್ಣಗೆ, ನಡುವೆ ನಡೆದಾಡಲು ಜಾಗ, ಇಷ್ಟಿದ್ದರೆ ಎಲ್ಲಿ ಕೂರಬೇಕೆಂದು ಅದೇ ನೋಡಿಕೊಳ್ಳುತ್ತದೆ. ಮೂವತ್ತು ವರ್ಷ ಯಾವುದನ್ನು ಕೆಟ್ಟ ಕೆಲಸವೆಂದು ಬೈದಿದ್ದೆನೋ, ಅದನ್ನೇ ಬೇಕೆಂದು ಮಾಡಲು ಹೊರಟೆ.

ಒಲೆಮನೆಗೆ ಅಂಟಿಕೊಂಡು ಹಿಂದೆ ಸಣ್ಣ ಉಗ್ರಾಣವೊಂದಿತ್ತು. ಎರಡಕ್ಕೂ ನಡುವಿನ ಗೋಡೆ ಒಂದೇ. ಕೊಳವೆ ಮೇಲಕ್ಕೇಳುವ ಜಾಗದಲ್ಲಿ ಆ ಗೋಡೆ ಹಗಲೂ ರಾತ್ರಿ ಹದವಾಗಿ ಬೆಚ್ಚಗಿರುತ್ತಿತ್ತು. ಈಚೆ ಹೊಗೆ ಇಲ್ಲ, ಕೆಂಡವಿಲ್ಲ. ಏಲಕ್ಕಿ ತುಂಬುವ ಉದ್ದನೆಯ ಮರದ ಪೆಟ್ಟಿಗೆಯೊಂದನ್ನು ಮಗ್ಗುಲಾಗಿ ಮಲಗಿಸಿ ಒಂದು ತುದಿಯನ್ನು ಗೋಡೆಗೆ ತಾಗಿಸಿದೆ. ಇನ್ನೊಂದು ತುದಿ ಗೋಡೆಯಿಂದ ಎರಡು ಮೊಳ ಆಚೆ. ತೆರೆದ ಮುಖಕ್ಕೆ ತಂತಿಬಲೆ ಹೊಡೆದು, ಬೆಚ್ಚನೆಯ ಅರ್ಧಕ್ಕೆ ಮಾತ್ರ ಗೋಣಿಯ ಪರದೆ ಬಿಟ್ಟೆ. ಉಳಿದರ್ಧ ಗಾಳಿಗೆ ತೆರೆದೇ ಇತ್ತು. ತಳದಲ್ಲಿ ಒಣ ಹುಲ್ಲು. ಬಿದ್ದರೂ ಪೆಟ್ಟಾಗದ ಹಾಗೆ, ನೆಲದಿಂದ ಎರಡೇ ಬೆರಳು ಎತ್ತರದಲ್ಲಿ ಅಡ್ಡಕ್ಕೆ ಕಾಫಿ ಗಿಡದ ಒಂದು ಕೋಲು. ನೀರು, ಕಾಳು ನಡುವೆ. ಪಂಜರದಿಂದ ಎತ್ತಿಕೊಂಡಾಗ ಗಿಣಿಯ ಎದೆಯ ಮೂಳೆ ಬೆರಳಿಗೆ ಕತ್ತಿಯ ಬೆನ್ನಿನಂತೆ ಸಿಕ್ಕಿತು, ಅಷ್ಟು ಸೊರಗಿತ್ತು. ಕಚ್ಚುವ ಶಕ್ತಿಯೂ ಇರಲಿಲ್ಲ. ತಣ್ಣನೆಯ ತುದಿಯಲ್ಲಿ ಬಿಟ್ಟು ಬಾಗಿಲ ಆಚೆ ಕುಳಿತೆ.

ಬಹಳ ಹೊತ್ತು ಅಲ್ಲೇ ಮುದುಡಿತ್ತು. ಆಮೇಲೆ ಒಂದೊಂದೇ ಕಾಲು ಸರಿಸುತ್ತ, ಕೊಕ್ಕನ್ನು ಊರುಗೋಲಿನಂತೆ ಊರುತ್ತ ಗೋಡೆಯ ಕಡೆ ಹೋಯಿತು. ಅಲ್ಲಿ ಕುಳಿತು ಕಣ್ಣು ಮುಚ್ಚಿತು. ಸಂಜೆಯಾಗುವಷ್ಟರಲ್ಲಿ ಸ್ವಲ್ಪ ಈಚೆಗೆ ಬಂದಿತ್ತು. ಪುಕ್ಕ ಉಬ್ಬಿರಲಿಲ್ಲ, ಕೊಕ್ಕೂ ತೆರೆದಿರಲಿಲ್ಲ. ಅವತ್ತು ನಾನು ಮನೆಗೆ ಯಾವ ಸುದ್ದಿಯನ್ನೂ ಕಳಿಸಲಿಲ್ಲ. ಒಂದು ಸಲ ಅವಸರ ಮಾಡಿ ಪಾಠ ಕಲಿತಿದ್ದೆ.

ಮರುದಿನ ಬೆಳಿಗ್ಗೆ ಗಿಣಿ ಮೂರು ಕಡಲೆ ತಿಂದಿತು. ಅಕ್ಕಮ್ಮ ಬಂದು ಬಾಗಿಲಲ್ಲಿ ನಿಂತು "ಏನೋ ಮಗನೇ" ಎಂದದ್ದೇ ತಡ, ಹಕ್ಕಿ ರೆಕ್ಕೆ ಬಡಿದು ಬಲೆ ಹತ್ತಲು ಹೋಗಿ ಬಿತ್ತು. ಮತ್ತೆ ಎದ್ದಿತು, ಮತ್ತೆ ಬಿತ್ತು. ಅವರು ಹೋದ ಮೇಲೆ ಒಂದು ತಾಸು ತಲೆ ಎತ್ತಲಿಲ್ಲ. ಸಂಜೆಯೂ ಅದೇ ಕಥೆ. ತಿಂದ ಮೂರು ಕಾಳಿನ ಶಕ್ತಿ ಅವರನ್ನು ಸೇರುವ ಆತುರಕ್ಕೇ ಮುಗಿದುಹೋಗುತ್ತಿತ್ತು. ಯಜಮಾನಿಗೆ ನೀವು ಬರಬೇಡಿ ಎಂದು ಹೇಳುವುದು ಹೇಗೆ? ಕೊನೆಗೆ ಹೇಳಿಯೇಬಿಟ್ಟೆ.

"ಅಕ್ಕಮ್ಮ, ತಪ್ಪು ತಿಳ್ಕೋಬೇಡಿ. ಇದು ಹುಷಾರಾಗೋವರ್ಗೆ ನೀವು ಈ ಕಡೆ ಬರದಿದ್ರೆ ಒಳ್ಳೇದು."

"ಎಷ್ಟು ದಿನ?"

"ಹತ್ತು ಹದಿನೈದು ದಿನ ಆಗ್ಬೋದು."

"ಅಷ್ಟು ದಿನ ನನ್ನ ಧ್ವನಿ ಕೇಳದಿದ್ರೆ ಮರೀತದೆ" ಎಂದರು. ಆಮೇಲೆ, "ಒಂದು ಕೆಲ್ಸ ಮಾಡು. ಬೆಳಿಗ್ಗೆ ಒಂದ್ಸಲ, ಸಾಯಂಕಾಲ ಒಂದ್ಸಲ, ನೀನೇ ಅದಕ್ಕೆ ನನ್ನ ಹೆಸ್ರು ಹೇಳ್ತಿರು. ಅಮ್ಮ ಕರೀತಿದ್ದ ಹಾಗೆ."

ಆಗಲಿ ಎಂದುಬಿಟ್ಟೆ. ಹೆಸರು ಹೇಳುವುದು ಒಂದು ಕೆಲಸವೇ ಎಂದುಕೊಂಡೆ.

ಅವರು ಹೋದ ಮೇಲೆ ಪೆಟ್ಟಿಗೆಯ ಮುಂದೆ ಕುಳಿತೆ. ಉಗ್ರಾಣದಲ್ಲಿ ಗಿಣಿ ಮತ್ತು ನಾನು ಇಬ್ಬರೇ. ಬಾಯಿ ತೆರೆದೆ. "ಸು" ಎಂಬಲ್ಲಿಗೆ ನಾಲಿಗೆ ನಿಂತಿತು. ನಮ್ಮ ಅಪ್ಪ ಆ ಮನೆಯ ಅಂಗಳದಲ್ಲಿ ರುಮಾಲು ತಲೆಗೆ ಸುತ್ತಿಕೊಂಡು ನಿಲ್ಲುತ್ತಿರಲಿಲ್ಲ, ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದ. ಆ ಮನೆಯ ಹೆಂಗಸರ ಹೆಸರು ನಮಗೆ ಗೊತ್ತಿದ್ದರೂ ಗೊತ್ತಿಲ್ಲದ ಹಾಗೆ. ಅದನ್ನು ಏಕವಚನದಲ್ಲಿ, ಮುದ್ದಿನಿಂದ ರಾಗ ಎಳೆದು ಕರೆಯುವುದೆಂದರೆ? "ಸು, ಸು" ಎಂದೆ. ಕೋಳಿ ಓಡಿಸಿದ ಹಾಗಾಯಿತು. ಗಿಣಿ ಒಂದು ಹೆಜ್ಜೆ ಹಿಂದೆ ಸರಿಯಿತು. "ಅಕ್ಕಮ್ಮ ಬರ್ತಾರೆ, ಹೆದರ್ಬೇಡ" ಎಂದು ಸಮಾಧಾನ ಮಾಡಿದೆ. ಅವತ್ತಿನ ಪಾಠ ಅಲ್ಲಿಗೇ ಮುಗಿಯಿತು.

ಮೂರನೇ ದಿನ ಒಲೆಮನೆಯೊಳಗಿನ ಕಾಯಿ ಒಣಗಿ ತಟ್ಟೆ ಇಳಿಸಬೇಕಾಯಿತು. ಅಷ್ಟು ಹೊತ್ತಿಗೆ ದೇವರಮನೆ ಕಡೆಯಿಂದ ಮಳೆ ಹಿಡಿದುಕೊಂಡು ಎರಡು ದಿನ ಕೊಯ್ಲು ನಿಂತಿತು. ಹಸಿ ಕಾಯಿ ಇಲ್ಲದೆ ಒಲೆ ಉರಿಸುವ ಹಾಗಿಲ್ಲ. ಬೆಂಕಿ ಆರಿದರೆ ಗೋಡೆ ತಣ್ಣಗಾಗುತ್ತದೆ. ಮನೆಗೆ ಹೇಳಿಕಳಿಸಿದ್ದಕ್ಕೆ ದಪ್ಪ ಗಾಜಿನ ಎರಡು ಬಾಟಲಿ ಬಂದವು. ಅವುಗಳಲ್ಲಿ ಮೊದಲು ಏನಿತ್ತು ಎಂದು ನಾನೂ ಕೇಳಲಿಲ್ಲ, ಗೌಡರೂ ಬಾಟಲಿ ಎಲ್ಲಿ ಹೋದವೆಂದು ವಿಚಾರಿಸಲಿಲ್ಲ. ಬಿಸಿನೀರು ತುಂಬಿ, ಬಿರಡೆ ಬಿಗಿದು, ತಲೆಕೆಳಗು ಮಾಡಿ ಸೋರುವುದಿಲ್ಲ ಎಂದು ನೋಡಿ, ಎರಡು ಸುತ್ತು ಕಂಬಳಿ ತುಂಡು ಸುತ್ತಿದೆ. ಬರಿಗಾಜು ತಾಗಿದರೆ ಕಾಲು ಸುಡುತ್ತದೆ. ನನ್ನ ಕೆನ್ನೆಗೆ ಒತ್ತಿಕೊಂಡು ಹಿತವಾಗಿದೆ ಅನಿಸಿದ ಮೇಲೆ ಪೆಟ್ಟಿಗೆಯ ಗೋಡೆ ಕಡೆಯ ತುದಿಯಲ್ಲಿ ಇಟ್ಟೆ. ಒಂದು ತಣಿಯುವುದರೊಳಗೆ ಇನ್ನೊಂದು ಸಿದ್ಧವಾಗಬೇಕು. ಎರಡು ದಿನ ನಾನು ಉಗ್ರಾಣದ ಬಾಗಿಲಲ್ಲೇ ಚಾಪೆ ಹಾಕಿದೆ. ಗಿಣಿ ಬಾಟಲಿಗೆ ಮೈಯೊತ್ತಿ ಕುಳಿತಿದ್ದರೆ ನೀರು ಬದಲಿಸುತ್ತಿದ್ದೆ, ಆಚೆ ಸರಿದಿದ್ದರೆ ಬಿಡುತ್ತಿದ್ದೆ. ನನ್ನ ಅಂಗೈಯ ಲೆಕ್ಕಕ್ಕಿಂತ ಅದರ ಕಾಲಿನ ಲೆಕ್ಕ ಸರಿಯಾಗಿತ್ತು.

ಆ ಎರಡು ದಿನದಲ್ಲಿ ಒಂದು ಸಲ ಅದು ಪೂರಾ ಸೋತಂತೆ ಕಂಡಿತು. ಹಿಕ್ಕೆ ಹಸಿರು ನೀರಾಗಿತ್ತು. ನಾನು ದೇವರಿಗೆ ಹರಕೆ ಹೊರುವವನಲ್ಲ, ಅವತ್ತು ಗಿಣಿಗೇ ಹೇಳಿದೆ. "ನೋಡು ಮಾರಾಯ, ಅಕ್ಕಮ್ಮಂಗೆ ನಿನ್ನ ಬಿಟ್ರೆ ಯಾರೂ ಇಲ್ಲ. ಅಕ್ಕಮ್ಮ ಕಾಯ್ತಿದ್ದಾರೆ." ಬೆಳಗಾದ ಮೇಲೆ ಗೋಡಂಬಿಯಷ್ಟು ಬಾಳೆಹಣ್ಣು ತಿಂದಿತು. ನನಗೆ ಕಣ್ಣಲ್ಲಿ ನೀರು ಬಂತು, ಹೊಗೆಯಿಂದಲ್ಲ, ಒಲೆಯೇ ಆರಿತ್ತು.

ಮಳೆ ಬಿಟ್ಟು ಮತ್ತೆ ಒಲೆ ಹತ್ತಿದ ಮೇಲೆ ಕೆಲಸ ಹಗುರಾಯಿತು. ಹಿಕ್ಕೆ ಗಟ್ಟಿಯಾಗಿ ಬಿಳಿ ಕಾಣಿಸಿತು. ಎದೆಯ ಮೂಳೆಯ ಮೇಲೆ ಮಾಂಸ ತುಂಬತೊಡಗಿತು. ಹಕ್ಕಿ ಹೆಚ್ಚು ಹೊತ್ತು ತಣ್ಣನೆಯ ತುದಿಯಲ್ಲೇ ಇರುತ್ತದೆಂದು ಖಾತ್ರಿಯಾದ ಮೇಲೆ, ಎರಡು ದಿನಕ್ಕೊಮ್ಮೆ ಪೆಟ್ಟಿಗೆಯನ್ನು ಒಂದು ಗೇಣು ಗೋಡೆಯಿಂದ ಈಚೆಗೆ ಎಳೆಯುತ್ತ ಬಂದೆ. ಒಮ್ಮೆಲೇ ಹೊರಗೆ ತಂದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಒಂದು ದಿನ ಎಳೆದ ಮೇಲೆ ಪುಕ್ಕ ಉಬ್ಬಿತು. ಗೇಣು ಹಿಂದಕ್ಕೆ ತಳ್ಳಿ ಇನ್ನೂ ಎರಡು ದಿನ ಕಾದೆ.

ಕಾಯಿ ಉಜ್ಜುವ ಹೆಂಗಸು ದಿನಾ ಮನೆಯಿಂದ ಹಣ್ಣು, ಕಾಳು ತರುತ್ತಿದ್ದಳು. "ಅಕ್ಕಮ್ಮ ಕಳ್ಸಿದ್ದಾರೆ" ಎಂದು ಪೆಟ್ಟಿಗೆಯ ಮುಂದೆ ಇಡುತ್ತಿದ್ದಳು. "ಅಕ್ಕಮ್ಮ ಕೇಳಿದ್ರು, ಹೆಸ್ರು ಹೇಳ್ತಿದ್ದಾನಾ ಅಂತ" ಎನ್ನುತ್ತಿದ್ದಳು.

"ಹೇಳ್ತಿದ್ದೀನಿ ಅಂತ ಹೇಳು ಅಕ್ಕಮ್ಮಂಗೆ" ಎನ್ನುತ್ತಿದ್ದೆ.

"ಹೌದಾ? ನೀನಾ?" ಎಂದು ಅವಳು ಒಂದು ದಿನ ನಕ್ಕಳು. "ನಂಗಂತೂ ಬಾಯಿ ಬರಲ್ಲಪ್ಪ."

ನನಗೂ ಬರಲಿಲ್ಲವೆಂದು ಅವಳಿಗೂ ಹೇಳಲಿಲ್ಲ.

ಇಪ್ಪತ್ತೊಂದನೆಯ ದಿನ ಬಿಸಿಲು ಚೆನ್ನಾಗಿ ಬಂದ ಮೇಲೆ ಗಿಣಿಯನ್ನು ಅದರ ಪಂಜರಕ್ಕೆ ಬಿಟ್ಟು ಮನೆಗೆ ತೆಗೆದುಕೊಂಡು ಹೋದೆ. ಜಗಲಿಯಲ್ಲಿ ಗಾಳಿ ನೇರ ಬೀಸದ ಮೂಲೆಯಲ್ಲಿ ತೂಗುಹಾಕಿದೆ. ಗೌಡರು, ಅವರ ಹೆಂಡತಿ, ಮಕ್ಕಳು ಎಲ್ಲ ಸೇರಿದರು. ಅಕ್ಕಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಪಂಜರಕ್ಕೆ ಬೆರಳು ಕೊಟ್ಟರು. ಗಿಣಿ ಕೋಲಿನ ಉದ್ದಕ್ಕೂ ಸರಿದು ಬಂದು ಬೆರಳಿಗೆ ತಲೆ ಉಜ್ಜಿತು. ಕುತ್ತಿಗೆ ಓರೆ ಮಾಡಿತು. ಅವರು ಉಸಿರು ಹಿಡಿದು ನಿಂತಿದ್ದರು.

"ಅಕ್ಕಮ್ಮ" ಎಂದಿತು ಗಿಣಿ.

ಮಕ್ಕಳು ಕೇಕೆ ಹಾಕಿ ನಕ್ಕರು. ಗೌಡರು, "ಅಬ್ಬಾ, ಮರ್ಯಾದೆ ಕಲ್ತು ಬಂದಿದೆ" ಎಂದರು. ಅದು ಇನ್ನೊಂದು ಸಲ "ಅಕ್ಕಮ್ಮ" ಎಂದಿತು. ನನ್ನದೇ ಒರಟು ಧ್ವನಿ, ನನ್ನದೇ ಎಳೆತ. ಅಕ್ಕಮ್ಮ ನಗಲಿಲ್ಲ. ಬೆರಳನ್ನೂ ತೆಗೆಯಲಿಲ್ಲ. ಎಲ್ಲರೂ ಒಳಗೆ ಹೋದ ಮೇಲೆ ನನ್ನ ಕಡೆ ತಿರುಗಿದರು.

"ನೀನು ಹೇಳ್ಲಿಲ್ಲ ಅಲ್ವಾ?"

"ಇಲ್ಲ ಅಕ್ಕಮ್ಮ. ನಾಲಿಗೆ ಹೊರಳ್ಲಿಲ್ಲ. ಹೇಳ್ತಿದ್ದೀನಿ ಅಂತ ಸುಳ್ಳು ಹೇಳ್ಕಳಿಸ್ದೆ."

ಅವರು ಪಂಜರದಿಂದ ಬೆರಳು ತೆಗೆದರು. "ಜೀವ ಉಳ್ಸಿದ್ದೀಯ. ನಿಂಗೆ ಏನನ್ನೋದು ನಾನು" ಎಂದು ಒಳಗೆ ಹೋಗಿ ನನಗೆ ಕಾಫಿ ತಂದುಕೊಟ್ಟರು. ಬೆಲ್ಲ ಜಾಸ್ತಿಯೇ ಹಾಕಿದ್ದರು.

ಆಮೇಲಿನ ದಿನಗಳಲ್ಲಿ ದಾರಿಯಲ್ಲಿ ಹೋಗುವಾಗೆಲ್ಲ ಗಿಣಿಯ ಕೂಗು ಕೇಳುತ್ತಿತ್ತು. ಬೆಳಿಗ್ಗೆ ಅಕ್ಕಮ್ಮ, ಮಧ್ಯಾಹ್ನ ಅಕ್ಕಮ್ಮ. ಇಡೀ ಎಸ್ಟೇಟು ಕರೆಯುವುದನ್ನೇ ಅದೂ ಕರೆಯುತ್ತಿತ್ತು. ಹಳೆಯ ಮಾತು ಒಂದು ಸಲವೂ ಬರಲಿಲ್ಲ. ಎಲ್ಲರೂ ನನ್ನನ್ನು ಹಕ್ಕಿ ಡಾಕ್ಟರ್ ಎಂದು ಛೇಡಿಸುತ್ತಿದ್ದರು. ನಾನು ನಕ್ಕು ಮುಂದೆ ಹೋಗುತ್ತಿದ್ದೆ, ಒಳಗೊಳಗೆ ಸಂಕಟವಾಗುತ್ತಿತ್ತು.

ಎಂಟು ದಿನ ಬಿಟ್ಟು ಒಣಗಿದ ಕಾಯಿಯ ಮೂಟೆ ಇಳಿಸಲು ಮನೆಗೆ ಹೋದೆ. ಜಗಲಿಯಲ್ಲಿ ಯಾರೂ ಇರಲಿಲ್ಲ. ಗೌಡರ ಹೆಂಡತಿ ಒಳಗೆಲ್ಲೋ ಅಕ್ಕಿ ಕೇರುತ್ತಿದ್ದಾರೆ ಎಂದುಕೊಂಡೆ, ಮೊರದ ಸದ್ದು ಕೇಳುತ್ತಿತ್ತು. ಅಕ್ಕಮ್ಮ ಹಿತ್ತಲಲ್ಲಿರುವ ಹೊತ್ತು ಅದು. ಮೂಟೆ ಇಳಿಸಿ ಆ ಕಡೆ ಈ ಕಡೆ ನೋಡಿದೆ. ಪಂಜರದ ಹತ್ತಿರ ಹೋಗಿ ಬಾಗಿ, ಉಸಿರಿನಲ್ಲಿ ಹೇಳಿದೆ. "ಸುಬ್ಬೀ."

ಗಿಣಿ ಒಂದು ಕಣ್ಣಿನಲ್ಲಿ ನನ್ನನ್ನು ನೋಡಿತು. ನಾಲಿಗೆ ಹೊರಳಿತಲ್ಲ ಎಂದು ನನಗೇ ಆಶ್ಚರ್ಯ. ಧೈರ್ಯ ಬಂತು. ಮುದುಕಿ ಎಳೆಯುತ್ತಿದ್ದ ಹಾಗೆ, ಸ್ವಲ್ಪ ಗಟ್ಟಿಯಾಗಿ ಇನ್ನೊಂದು ಸಲ ಕರೆದೆ. "ಸುಬ್ಬೀ…"

"ಓ" ಎಂದು ಒಳಗಿನಿಂದ ಉತ್ತರ ಬಂತು.

ಕೈಕೆಲಸದ ನಡುವೆ ಅಮ್ಮ ಕರೆದರೆ ಮಗಳು ಓಗೊಡುವ ಹಾಗೆ, ಯೋಚನೆಯಿಲ್ಲದೆ ಬಂದ ಉತ್ತರ. ಮೊರದ ಸದ್ದು ನಿಂತಿತು. ನಾನು ಪಂಜರದಿಂದ ಎರಡು ಹೆಜ್ಜೆ ಹಿಂದೆ ಸರಿದೆ. ಯಾರೂ ಹೊರಗೆ ಬರಲಿಲ್ಲ. ಎಷ್ಟೋ ಹೊತ್ತಾದ ಮೇಲೆ ಒಳಗಿನಿಂದ ಅಕ್ಕಮ್ಮನ ಧ್ವನಿ ಕೇಳಿತು, ತುಸು ಒಡೆದಿತ್ತು.

"ಅದಕ್ಕೆ ಅಷ್ಟು ಬೇಗ ಬರಲ್ಲ. ಇನ್ನೊಂದ್ಸಲ ಹೇಳು."

ಮೊರದ ಸದ್ದು ಮತ್ತೆ ಶುರುವಾಯಿತು. ನಾನು ಗಿಣಿಯ ಕಡೆ ತಿರುಗಿ ಇನ್ನೊಂದು ಸಲ ಹೇಳಿದೆ.